ಇದ್ದದ್ದನ್ನೇ ಪುನಃ ಬರೆಯುವವರು

ನಮ್ಮವರಿಗೆ ಎಣಿಸಲು ಬರುತ್ತಿರಲಿಲ್ಲ! ಪಣಂಬೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತರಾದ ಮನುಷ್ಯನಿಗೆ ಒಂದು, ಎರಡು, ಮೂರು ಎನ್ನಲು ಬರುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ನಾನು ಬಡಿಸಿದವಳು, ನನಗೆ ಗೊತ್ತು. ಮೊದಲ ನೀರುದೋಸೆ ತಟ್ಟೆಗೆ ಬಿದ್ದೊಡನೆ "ಸೊನ್ನೆ" ಎನ್ನುತ್ತಿದ್ದರು. ಅದರ ಮುಂದಿನದಕ್ಕೆ "ಒಂದು". ಸಕ್ಕರೆ ಕಾಯಿಲೆಯ ಡಾಕ್ಟರು ನಾಲ್ಕೇ ದೋಸೆ ಎಂದು ಕಟ್ಟಪ್ಪಣೆ ಮಾಡಿದ್ದರು. ಇವರು ನಾಲ್ಕನೇ ನಂಬರಿನವರೆಗೆ ತಿಂದು, ಐದು ದೋಸೆಯ ಹೊಟ್ಟೆ ಸವರಿಕೊಂಡು, "ಡಾಕ್ಟರ ಮಾತು ಮೀರಲಿಲ್ಲ ನೋಡು" ಎಂದು ಏಳುತ್ತಿದ್ದರು. ಸಕ್ಕರೆಗೆ ಈ ಲೆಕ್ಕ ಗೊತ್ತಿರಬೇಕಲ್ಲ?

ಮನೆಗೆ ದಾರಿ ಹೇಳುವುದೂ ಹೀಗೆಯೇ. "ಬಿಜೈ ಬಸ್ ನಿಲ್ದಾಣದ ಹಿಂದಿನ ರಸ್ತೆಗೆ ಬನ್ನಿ, ಎರಡನೇ ಗೇಟು ನಮ್ಮದು" ಎಂದು ಫೋನಿನಲ್ಲಿ ಹೇಳುತ್ತಿದ್ದರು. ಸೊನ್ನೆ, ಒಂದು, ಎರಡು ಎಂದು ಎಣಿಸಿದರೆ ಸರಿಯೇ. ಆದರೆ ಹಾಗೆ ಎಣಿಸುವವರು ಊರಿನಲ್ಲಿ ಇನ್ನಾರಿದ್ದಾರೆ? ಬಂದವರೆಲ್ಲ ಹೋಗಿ ಬಡಿಯುತ್ತಿದ್ದದ್ದು ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರರ ಬಾಗಿಲನ್ನು. ಹೆಡ್ಮಾಸ್ಟರರು ಎರಡು ವರ್ಷ ತಡೆದುಕೊಂಡರು. ಆಮೇಲೆ ಒಂದು ದಿನ ಅವರ ಗೇಟಿನಲ್ಲಿ ಬೋರ್ಡು ಬಿತ್ತು: "ಕಂಪ್ಯೂಟರ್ ಕ್ಲಾಸ್ ಇಲ್ಲಿ ಅಲ್ಲ. ಮುಂದಿನ ಗೇಟು. ನಾಯಿ ಮಾತ್ರ ಇಲ್ಲಿಯದು."

ಇವರು ಹೋಗಿ ಐದು ತಿಂಗಳಾಯಿತು. ಬೋರ್ಡು ಇನ್ನೂ ಅಲ್ಲೇ ಇದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರೆದು ಅಭ್ಯಾಸವಿಲ್ಲ. ಆದರೆ ಈ ಮನುಷ್ಯ ಎಂತ ಮಾಡುತ್ತಿದ್ದರು, ಯಾಕೆ ಮಾಡುತ್ತಿದ್ದರು ಎಂದು ಯೋಚಿಸಿದರೆ ನನಗೆ ಈಗಲೂ ತಲೆ ಗಿರ್ ಎನ್ನುತ್ತದೆ. ಬರೆದರೆ ಸ್ವಲ್ಪ ನಿಂತೀತೋ ಎಂದು ಬರೆಯುತ್ತಿದ್ದೇನೆ.

ಕ್ಲಾಸಿನ ವಿಷಯ ಹೇಳುತ್ತೇನೆ. ನಿವೃತ್ತಿಯ ನಂತರ ನಮ್ಮ ಸಿಟೌಟಿನಲ್ಲಿ, ಅಂದರೆ ಮನೆಯ ಮುಂದಿನ ಜಗಲಿಯಲ್ಲಿ, ಕಂಪ್ಯೂಟರ್ ಕಲಿಸಲು ಶುರು ಮಾಡಿದರು. ಕಂಪ್ಯೂಟರ್ ಗೊತ್ತೇ ಇಲ್ಲದವರಿಗೆ, ಕನ್ನಡ ಮೀಡಿಯಮ್ಮಿನಲ್ಲಿ ಓದಿದವರಿಗೆ, ಬೇರೆ ಕಡೆ ಕಲಿಯಲು ಹೋಗಿ ಹೆದರಿ ಓಡಿ ಬಂದವರಿಗೆ. ಇಡೀ ಮಂಗಳೂರಿನಲ್ಲಿ ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಕ್ಲಾಸ್ ಎಂದರೆ ನಮ್ಮದೊಂದೇ ಇರಬೇಕು! ಆರು ತಿಂಗಳವರೆಗೆ ಪೆನ್ಸಿಲು ಮತ್ತು ಕಾಗದ ಮಾತ್ರ. ಕಲಿಸುವುದೋ, ಸ್ಟ್ರಿಂಗ್. ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು; ಒಂದರ ಪಕ್ಕ ಒಂದು ಡಬ್ಬಿ ಇಟ್ಟು, ಡಬ್ಬಿಗೊಂದು ಅಕ್ಷರ ತುಂಬಿಸಿದ ಹಾಗೆ ಎಂದು ನನಗೆ ವಿವರಿಸಿದ್ದರು. ಆ ಸಾಲನ್ನು ಎಣಿಸುವುದು, ತುಂಡು ಮಾಡುವುದು, ಒಂದಕ್ಕೊಂದು ಜೋಡಿಸುವುದು, ಹಿಂದುಮುಂದು ಮಾಡುವುದು, ಇಂಥ ಎಂಟು ಕೆಲಸಗಳು. ಒಂದೊಂದಕ್ಕೂ ಮೆಥಡ್ ಎಂದು ಹೆಸರು.

ಈಗ ನೋಡಿ, ತಮಾಷೆ ಇರುವುದು ಇಲ್ಲಿ. ಈ ಎಂಟೂ ಕಂಪ್ಯೂಟರಿನಲ್ಲಿ ಮೊದಲೇ ಇವೆಯಂತೆ! ಯಾರೋ ಪುಣ್ಯಾತ್ಮರು ಯಾವತ್ತೋ ಬರೆದು ಇಟ್ಟಿದ್ದಾರೆ. ಹೆಸರು ಟೈಪು ಮಾಡಿದರೆ ಸಾಕು, ಅದೇ ಮಾಡಿ ಕೊಡುತ್ತದೆ. ಆದರೆ ಇವರ ಕ್ಲಾಸಿನಲ್ಲಿ ಆ ಹೆಸರು ಎತ್ತುವಂತಿಲ್ಲ. ಎಲ್ಲವನ್ನೂ ಮೊದಲಿನಿಂದ, ತಮ್ಮ ಕೈಯಿಂದಲೇ ಬರೆಯಬೇಕು. ನನಗೆ ಇದು ಅರ್ಥವಾಗಲೇ ಇಲ್ಲ. ನಲ್ಲಿಯಲ್ಲಿ ನೀರು ಬರುವಾಗ ಬಾವಿ ತೋಡುವುದು ಎಂತಕ್ಕೆ?

ಒಂದು ದಿನ ಕೇಳಿಯೇಬಿಟ್ಟೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಜಗಳವನ್ನು ಕನ್ನಡಕ್ಕೆ ತಂದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಕ್ಷಮಿಸಿ.

"ಅಲ್ಲ ಮಾರಾಯ್ರೆ, ರೆಡಿಮೇಡ್ ಉಂಟಲ್ಲ. ಮತ್ತೆ ಆ ಮಕ್ಕಳ ಕೈಯಲ್ಲಿ ಯಾಕೆ ಪುನಃ ಬರೆಸ್ತೀರಿ?"

"ಒಳಗೆ ಎಂತ ಉಂಟು ಅಂತ ಗೊತ್ತಾಗ್ಬೇಕಲ್ಲ."

"ಹಾಗಾದ್ರೆ ಭಾನುವಾರ ಕೋರಿರೊಟ್ಟಿಗೆ ರೊಟ್ಟಿ ಪ್ಯಾಕೆಟ್ ಯಾಕೆ ತರ್ತೀರಿ? ಅದನ್ನೂ ನೀವೇ ಮಾಡಿ!"

ಹೇಳಬಾರದಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಇವರು ಅಕ್ಕಿ ನೆನೆಹಾಕಿ ಕುಳಿತಿದ್ದರು. ನನ್ನನ್ನು ಅಡುಗೆಮನೆಗೆ ಸೇರಿಸಲಿಲ್ಲ. ಅರೆದರು, ಹರಡಿದರು, ಕಾಯಿಸಿದರು. ಹೆಂಚು ಒಂದು ಕಡೆ, ಇವರು ಒಂದು ಕಡೆ, ಹೊಗೆ ಎಲ್ಲಾ ಕಡೆ. ಮಧ್ಯಾಹ್ನ ಎರಡು ಗಂಟೆಗೆ ಆರು ರೊಟ್ಟಿ ಹೊರಬಂದವು. ಅವು ರೊಟ್ಟಿಯೋ, ಮಂಗಳೂರು ಹಂಚೋ! ಕೋಳಿ ಸಾರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಮೆತ್ತಗಾಗಲಿಲ್ಲ. ಸಾರು ಮಾತ್ರ ಖಾಲಿಯಾಯಿತು. ಇವರು ಒಂದು ತುಂಡನ್ನು ಬಹಳ ಹೊತ್ತು ಅಗಿದು, ದವಡೆ ಹಿಡಿದುಕೊಂಡು, ಗಂಭೀರವಾಗಿ ಹೇಳಿದರು: "ಇನ್ನು ಪ್ಯಾಕೆಟ್ ತರಬಹುದು."

"ಈಗ ಬುದ್ಧಿ ಬಂತಾ?"

"ಬುದ್ಧಿ ಅಲ್ಲ, ಹಕ್ಕು ಬಂತು. ಒಮ್ಮೆ ಸ್ವಂತ ಮಾಡಿದವನಿಗೆ ಪ್ಯಾಕೆಟ್ ತರುವ ಹಕ್ಕುಂಟು."

ಆ ಹಕ್ಕಿಗಾಗಿ ನಾನು ಮೂರು ದಿನ ಹೆಂಚು ಉಜ್ಜಿದೆ.

ಕ್ಲಾಸಿಗೆ ಬಂದವರಲ್ಲಿ ಹೆಚ್ಚಿನವರು ತಿಂಗಳೊಳಗೆ ಓಡುತ್ತಿದ್ದರು. ಮೂರೇ ತಿಂಗಳಲ್ಲಿ ಎಲ್ಲ ಕಲಿಸಿ ಸರ್ಟಿಫಿಕೇಟು ಕೊಡುವ ಕಡೆಗಳು ಬೇಕಾದಷ್ಟಿರುವಾಗ ಪೆನ್ಸಿಲು ಕಚ್ಚುತ್ತಾ ಕೂರುವವರಾರು? ಓಡದೆ ಉಳಿದವರಲ್ಲಿ ಗಟ್ಟಿಯವಳು ಶರ್ಮಿಳಾ. ಬೆಂಗ್ರೆಯ ಮೀನುಗಾರರ ಮನೆಯವಳು, ವಯಸ್ಸು ಮೂವತ್ತರ ಹತ್ತಿರ. ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸ. ಇಡೀ ದಿನ ಮಂಜುಗಡ್ಡೆಯಲ್ಲಿ ಕೈಯಿಟ್ಟು ಅವಳ ಬೆರಳ ತುದಿಗಳು ಬಿಳಿಚಿ, ಸಿಪ್ಪೆ ಚುಚ್ಚಿ ಗಾಯವಾಗಿ, ಪೆನ್ಸಿಲು ಹಿಡಿಯುವಾಗ ಮುಖ ಕಿವುಚುತ್ತಿದ್ದಳು. ಡಾಕ್ಟರು ಶೆಡ್ಡು ಬಿಡು ಎಂದಿದ್ದರಂತೆ. ಬಿಟ್ಟರೆ ಮನೆ ನಡೆಯಬೇಕಲ್ಲ? ಪಣಂಬೂರಿನ ಒಂದು ಹಡಗು ಏಜೆನ್ಸಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಪರೀಕ್ಷೆ ಇತ್ತು. ಅಲ್ಲಿಯೂ ಕಾಗದದ ಮೇಲೆಯೇ ಬರೆಯಬೇಕು, ರೆಡಿಮೇಡ್ ಬಳಸುವಂತಿಲ್ಲ. ಎರಡು ಸಲ ಬಾಯಿಪಾಠ ಮಾಡಿ ಹೋಗಿ ಎರಡು ಸಲವೂ ಖಾಲಿ ಕಾಗದ ಕೊಟ್ಟು ಬಂದಿದ್ದಳು. ಮೂರನೆಯದು ಕೊನೆಯ ಅವಕಾಶ. ಆಮೇಲೆ ಯಾರೋ ಹೇಳಿ ನಮ್ಮಲ್ಲಿಗೆ ಬಂದಳು, ಮೊದಲು ಹೆಡ್ಮಾಸ್ಟರರ ನಾಯಿಯನ್ನು ನೋಡಿಕೊಂಡು.

ಇವರು ಅವಳ ಕೈ ನೋಡಿದರು, ಎರಡು ಸಲದ ಕತೆ ಕೇಳಿದರು. "ಎಂಟು ಮೆಥಡ್. ಎಂಟನ್ನೂ ನೀನೇ ಬರೆದ ಮೇಲೆ ಪರೀಕ್ಷೆಗೆ ಹೋಗು. ಒಂದು ಕಡಿಮೆಯಾದ್ರೂ ನಾನು ಬಿಡುವುದಿಲ್ಲ" ಎಂದರು. ಅವಳು ವಾರಕ್ಕೆ ಮೂರು ದಿನ, ನಂತೂರಿನ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಬಿದ್ದ ದಿನ ಬೆವರೊರೆಸಿಕೊಳ್ಳುತ್ತಾ, ಬರತೊಡಗಿದಳು.

ಹಿಂದುಮುಂದು ಮಾಡುವ ಮೆಥಡ್ ಕಲಿಸಿದ ದಿನ ನಮ್ಮ ಮನೆಯಲ್ಲಿ ಎಂತಾಯಿತೆಂದು ಹೇಳಬೇಕು. ಸಿಟೌಟಿನಲ್ಲಿ ಸಾಲಾಗಿ ಏಳು ಕುರ್ಚಿ. ಬಂಗುಡೆ ಮೀನಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಏಳು ಅಕ್ಷರ, ಕುರ್ಚಿಗೊಬ್ಬರಂತೆ ಏಳು ಜನ ಬೇಕು. ಆವತ್ತು ವಿದ್ಯಾರ್ಥಿಗಳು ನಾಲ್ಕೇ. ಇವರು ಹೆಡ್ಮಾಸ್ಟರರನ್ನು ಕರೆತಂದು ಮೊದಲ ಕುರ್ಚಿಯಲ್ಲಿ ಕೂರಿಸಿ ಕೈಗೆ 'ಬಿ' ಬರೆದ ಚೀಟಿ ಕೊಟ್ಟರು. ನನ್ನನ್ನು ಅಡುಗೆಮನೆಯಿಂದ ಎಳೆದು ನಟ್ಟನಡುವಿನ 'ಜಿ' ಮಾಡಿದರು. ಕೊನೆಯ 'ಇ'ಗೆ ಜನವಿಲ್ಲ. ಅಷ್ಟರಲ್ಲಿ ಗೇಟಿನಲ್ಲಿ ಮೀನಿನ ಕಮಲಕ್ಕನ ಕೂಗು ಕೇಳಿಸಿತು.

"ಕಮಲಕ್ಕ, ಬುಟ್ಟಿ ಇಳಿಸಿ. ಐದು ನಿಮಿಷ 'ಇ' ಆಗ್ಬೇಕು."

"ಎಂತ ಆಗ್ಬೇಕು?"

"ಅಕ್ಷರ."

"ನಾನು ಶಾಲೆಗೇ ಹೋಗಿಲ್ಲ ಮಾರಾಯ್ರೆ, ನನ್ನನ್ನು ಎಂತ ಅಕ್ಷರ ಮಾಡ್ತೀರಿ?" ಎನ್ನುತ್ತಲೇ ಕಮಲಕ್ಕ ಖುಷಿಯಿಂದ ಕುಳಿತಳು.

ಮೊದಲನೆಯವರೂ ಕೊನೆಯವರೂ ಜಾಗ ಬದಲಿಸಬೇಕು, ಎರಡನೆಯವರೂ ಕೊನೆಯಿಂದ ಎರಡನೆಯವರೂ ಬದಲಿಸಬೇಕು, ಹೀಗೆ ನಡುವಿನವರೆಗೆ. ಶರ್ಮಿಳಾ ಬರೆದ ಕ್ರಮವನ್ನು ಇವರು ಓದಿದರು: "ಕೊನೆಯ ಕುರ್ಚಿಯಲ್ಲಿರುವುದನ್ನು ಮೊದಲ ಕುರ್ಚಿಗೆ ಹಾಕು."

ಕಮಲಕ್ಕ ಹೋಗಿ ಹೆಡ್ಮಾಸ್ಟರರ ಎದುರು ನಿಂತಳು. "ಏಳಿ ಮಾಷ್ಟ್ರೆ."

"ನಾನು ಎಲ್ಲಿಗೆ ಹೋಗಲಿ?" ಎಂದರು ಹೆಡ್ಮಾಸ್ಟರರು.

"ಅದನ್ನು ಬರೆದಿಲ್ಲ" ಎಂದರು ಇವರು. "ಆದ್ದರಿಂದ ನೀವು ಅಳಿಸಿ ಹೋದಿರಿ. ಇನ್ನು ನೀವು ಇಲ್ಲ."

ಮೂವತ್ತೈದು ವರ್ಷ ಶಾಲೆ ನಡೆಸಿದ ಮನುಷ್ಯ, ಚೀಟಿ ಕೈಯಲ್ಲಿ ಹಿಡಿದು, "ಇಲ್ಲ ಎಂದರೆ ಹೇಗೆ? ನಿಂತಿದ್ದೇನಲ್ಲ!" ಎಂದು ಕಂಬದ ಹತ್ತಿರ ನಿಂತುಬಿಟ್ಟರು. ಅದರ ಮೇಲೆ ಇನ್ನೊಂದು. ಕಂಪ್ಯೂಟರಿನಲ್ಲಿ ಹೀಗೆ ಹಾಕಿದರೆ ಕೊನೆಯಲ್ಲಿದ್ದ ಅಕ್ಷರ ಕೊನೆಯಲ್ಲಿಯೂ ಇರುತ್ತದಂತೆ, ಮೊದಲಿಗೂ ಬರುತ್ತದಂತೆ. "ಕಮಲಕ್ಕ, ಈಗ ನೀವು ಎರಡೂ ಕುರ್ಚಿಯಲ್ಲಿ ಇದ್ದೀರಿ."

"ಎರಡು ಕಡೆ ಇರ್ಲಿಕ್ಕೆ ಆಗ್ತಿದ್ರೆ ಒಬ್ಬಳನ್ನು ಮೀನು ತರ್ಲಿಕ್ಕೆ ದಕ್ಕೆಗೆ ಕಳಿಸಿ ಇನ್ನೊಬ್ಬಳು ಮನೆಯಲ್ಲಿ ಕಾಲು ಚಾಚಿ ಮಲಗ್ತಿದ್ದೆ!"

ಶರ್ಮಿಳಾ ತಲೆ ಚಚ್ಚಿಕೊಂಡು ನಕ್ಕಳು. ಅಡುಗೆಮನೆಯಿಂದ ಸ್ಟೂಲು ತಂದಿಟ್ಟಳು. ಹೆಡ್ಮಾಸ್ಟರರು ಮೊದಲು ಸ್ಟೂಲಿಗೆ, ಕಮಲಕ್ಕ ಮೊದಲ ಕುರ್ಚಿಗೆ, ಆಮೇಲೆ ಹೆಡ್ಮಾಸ್ಟರರು ಸ್ಟೂಲಿನಿಂದ ಕೊನೆಯ ಕುರ್ಚಿಗೆ. ಯಾರೂ ಅಳಿಸಿ ಹೋಗಲಿಲ್ಲ. ಎಲ್ಲರೂ ಎದ್ದು, ನಡೆದು, ಕುಳಿತರು. ನಾನು ಮಾತ್ರ ಕುಳಿತಲ್ಲಿಯೇ.

"ನಾನು ಎಂತ ಮಾಡ್ಬೇಕು?" ಎಂದು ಕೇಳಿದೆ.

"ನೀನು ಎಂತ ಮಾಡುದು ಬೇಡ. ನಡುವಿನವರು ಅಲ್ಲೇ ಇರ್ಬೇಕು. ಉಳಿದವರು ತಿರುಗುವುದು ಅವರ ಸುತ್ತ."

ಇದು ಹೊಗಳಿಕೆಯೋ, ಕೆಲಸಕ್ಕೆ ಬಾರದವಳು ಎಂದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಯಲ್ಲಿ ಇವರು ಚೀಟಿಗಳನ್ನು ಸಾಲಾಗಿ ಓದಿದರು. "ಎಡುಗ್ನಾಬ್!"

"ಅದು ಎಂತ ಮೀನು?" ಎಂದಳು ಕಮಲಕ್ಕ.

"ಬಂಗುಡೆಯೇ. ಹಿಂದಿನಿಂದ ಬರೆದದ್ದು."

"ಹಿಂದಿನಿಂದ ತಿಂದ್ರೂ ಮುಳ್ಳು ಮುಳ್ಳೇ" ಎಂದು ಅವಳು ಬುಟ್ಟಿ ಎತ್ತಿಕೊಂಡಳು. ಬುಟ್ಟಿಯಲ್ಲಿ ಎರಡು ಬಂಗುಡೆ ಕಡಿಮೆಯಿದ್ದವು. ಎಲ್ಲರೂ ಅಕ್ಷರಗಳಾಗಿದ್ದಾಗ ಹೆಡ್ಮಾಸ್ಟರರ ನಾಯಿಗೆ ಮಾತ್ರ ಬಿಡುವಿತ್ತು.

ಹೊರಗಿನ ಲೋಕದಲ್ಲಿಯೂ ಇವರು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಯಾವುದೋ ಕಾಗದಪತ್ರದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಇವರ ಹೆಸರು ಅವರ ಕಂಪ್ಯೂಟರಿನಲ್ಲಿರುವ ಹೆಸರಿಗೆ ತಾಳೆಯಾಗುವುದಿಲ್ಲ ಎಂದು ಗುಮಾಸ್ತರು ಮೂರು ಸಲ ವಾಪಸು ಕಳಿಸಿದ್ದರು. ನೋಡಿದರೆ ಎರಡೂ ಒಂದೇ ಹೆಸರು! ನಾಲ್ಕನೇ ಸಲ ಇವರು ಕತ್ತು ಉದ್ದ ಮಾಡಿ ಪರದೆಯನ್ನು ಇಣುಕಿದರು. ಮುಖ ಅರಳಿತು.

"ನನ್ನ ಹೆಸರಿನ ಹಿಂದೆ ಒಂದು ಖಾಲಿ ಜಾಗ ಉಂಟು. ಅದನ್ನು ತೆಗೀರಿ."

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಎಷ್ಟು ಸೆಂಟ್ಸ್?"

"ಒಂದೇ ಅಕ್ಷರದಷ್ಟು."

"ಪಹಣಿ ತಂದಿದ್ದೀರಾ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಕೌಂಟರಿನ ಮೇಲೆ ಕಾಗದ ಹರಡಿ, ಡಬ್ಬಿಗಳ ಸಾಲು ಬರೆದು, ಹೆಸರು ಮುಗಿದ ಮೇಲೆಯೂ ಒಂದು ಖಾಲಿ ಡಬ್ಬಿ ಹೇಗೆ ಅಂಟಿಕೊಂಡಿರುತ್ತದೆ, ಕಣ್ಣಿಗೆ ಕಾಣದ ಅದನ್ನು ಎರಡೂ ತುದಿಯಿಂದ ಹೇಗೆ ಉಜ್ಜಿ ತೆಗೆಯಬೇಕು, ಹೆಸರಿನ ನಡುವಿನ ಖಾಲಿಯನ್ನು ಮಾತ್ರ ಯಾಕೆ ಮುಟ್ಟಬಾರದು ಎಂದು ಪಾಠ ಶುರು ಮಾಡಿದರು. ನಮ್ಮ ಹಿಂದಿನ ಸಾಲು ಬಾಗಿಲಿನವರೆಗೆ ಬೆಳೆಯಿತು. ಹಿಂದಿನಿಂದ ಒಬ್ಬರು, "ಸ್ವಾಮಿ, ಮೊದಲು ನಿಮ್ಮನ್ನು ಈ ಸಾಲಿನಿಂದ ತೆಗೀಬೇಕು!" ಎಂದು ಕೂಗಿದರು. ಕೆಲಸವೇನೋ ಆಯಿತು. ಮುಂದಿನ ಭಾನುವಾರ ಬಾಗಿಲು ತೆರೆದರೆ ಆ ಗುಮಾಸ್ತರು ಪೆನ್ಸಿಲು ಹಿಡಿದು ನಿಂತಿದ್ದಾರೆ!

ಹೀಗೆ ಏಳು ಮೆಥಡ್ ಮುಗಿದವು. ಇವರ ಹತ್ತಿರ ಹಸಿರು ರಟ್ಟಿನ ಒಂದು ಪುಸ್ತಕವಿತ್ತು. ಅದರಲ್ಲಿ ಒಂದೊಂದು ಮೆಥಡ್ಡನ್ನೂ ಮೊದಲು ಸಾದಾ ಕನ್ನಡದಲ್ಲಿ, ಅಡುಗೆ ಹೇಳಿಕೊಡುವ ಹಾಗೆ, ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದರು. ಎಂಟನೆಯದು ಹುಡುಕುವುದು. ಅಕ್ಷರಗಳ ಸಾಲಿನಲ್ಲಿ ನಮಗೆ ಬೇಕಾದ ಅಕ್ಷರ ಎಲ್ಲಿದೆ ಎಂದು ಹುಡುಕಿ ಹೇಳುವುದು. ಶರ್ಮಿಳಾಳ ಪರೀಕ್ಷೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಇವರು ಪುಸ್ತಕದಲ್ಲಿ ಹೊಸ ಪುಟ ತೆರೆದು, ಮೇಲೆ 'ಹುಡುಕುವುದು' ಎಂದು ಬರೆದು, ಕೆಳಗೆ ಗೆರೆ ಎಳೆದು, ಚಾ ಕೇಳಿದರು. ನಾನು ಚಾ ತರುವಷ್ಟರಲ್ಲಿ ಕುರ್ಚಿಯಲ್ಲಿ ಒರಗಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಸತ್ತ ಮೇಲಾದರೂ ಈ ಮನುಷ್ಯ ಸುಮ್ಮನಿದ್ದರೇ?

ನಮಗೆ ಮಕ್ಕಳಿಲ್ಲ. ಉತ್ತರಕ್ರಿಯೆ, ನಮ್ಮ ಕಡೆ ಬೊಜ್ಜ ಎನ್ನುತ್ತೇವೆ, ಅದರ ಜವಾಬ್ದಾರಿಯನ್ನು ಇವರ ತಮ್ಮ ಹೊತ್ತರು. ಕಾರ್ಡು ಮಾಡಿಸಿ ಹಂಚುವುದನ್ನು ಕ್ಲಾಸಿನವರು ತಾವಾಗಿ ಕೇಳಿ ವಹಿಸಿಕೊಂಡರು. ಮೈದುನ ಹೇಳಿದ್ದು ಒಂದೇ ಮಾತು: "ಹದಿಮೂರನೇ ದಿನ." ಹೋದ ದಿನವೇ ಮೊದಲನೆಯ ದಿನ ಎಂದು ಎಲ್ಲರೂ ಎಣಿಸುತ್ತಾರೆ. ಬುಧವಾರದಿಂದ ಎಣಿಸಿದರೆ ಹದಿಮೂರನೆಯದು ಸೋಮವಾರ. ಆದರೆ ಕ್ಲಾಸಿನವರು ಯಾರ ಶಿಷ್ಯರು? ಬುಧವಾರವನ್ನು ಸೊನ್ನೆ ಮಾಡಿದರು! ಕಾರ್ಡಿನಲ್ಲಿ ಮಂಗಳವಾರ ಅಚ್ಚಾಯಿತು. ಆ ದುಃಖದಲ್ಲಿ ಯಾರು ತಿರುಗಿ ಓದುತ್ತಾರೆ? ಊರಿಡೀ ಹೋಯಿತು.

ಸೋಮವಾರ ಪುರೋಹಿತರು ಬಂದರು, ಅಡುಗೆಯವರು ಬಂದರು, ಇನ್ನೂರು ಎಲೆ ಬಂತು. ಜನ ಹದಿನಾಲ್ಕು! ಮೈದುನ ಫೋನು ಹಿಡಿದು ಅಂಗಳದಲ್ಲಿ ಓಡಾಡಿದರು. ಯಾರಿಗೆ ಮಾಡಿದರೂ ಒಂದೇ ಉತ್ತರ: "ನಾಳೆ ಅಲ್ವಾ?" ಮಂಗಳವಾರ ಬೆಳಿಗ್ಗೆ, ಪಾತ್ರೆಗಳೆಲ್ಲ ಹೋದ ಮೇಲೆ, ಬಿಜೈ ರಸ್ತೆ ತುಂಬ ಜನ ಬಂದರು. ಮೊದಲಿನ ಇಪ್ಪತ್ತು ಜನ ಹೆಡ್ಮಾಸ್ಟರರ ಮನೆಗೆ ಹೋಗಿ ಕೈಮುಗಿದು ಬಂದರು. ಪುನಃ ಅಡುಗೆಯವರನ್ನು ಕರೆಸಿ, ಪುನಃ ಒಲೆ ಹೊತ್ತಿಸಿ, ಒಬ್ಬರೇ ಮನುಷ್ಯರಿಗೆ ಎರಡು ದಿನದ ಊಟವಾಯಿತು.

ಕ್ಲಾಸಿನವರು ಗೋಡೆ ಬದಿಯಲ್ಲಿ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರು. ಮೈದುನ ಕಾರ್ಡನ್ನು ಅವರ ಮುಖಕ್ಕೆ ಹಿಡಿದರು. "ಸತ್ತವನಿಗೂ ಸೊನ್ನೆಯಿಂದ ಎಣಿಸುದಾ? ನಿಮಗೆ ಯಾರು ಕಲಿಸಿದ್ದು?"

"ಸರ್ರೇ" ಎಂದಳು ಶರ್ಮಿಳಾ, ಅಳುತ್ತಾ.

ಒಳಗಿದ್ದ ನನಗೆ ನಗು ಬಂದುಬಿಟ್ಟಿತು. ಹದಿನಾಲ್ಕು ದಿನದಲ್ಲಿ ಮೊದಲ ನಗು. ಅಥವಾ ಹದಿಮೂರು ದಿನದಲ್ಲೋ? ನನಗೂ ಲೆಕ್ಕ ತಪ್ಪಲು ಶುರುವಾಗಿತ್ತು. ಹೊರಗೆ ಕೂತವರು ನಾನು ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡಲು ಬಂದರು. ಅವರಿಗೆ ಎಂತ ಹೇಳುವುದು?

ಪರೀಕ್ಷೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಶರ್ಮಿಳಾ ಒಬ್ಬಳೇ ಬಂದಳು. ಸಿಟೌಟಿನ ನೆಲದಲ್ಲಿ ಕುಳಿತು ಹಸಿರು ಪುಸ್ತಕ ಕೇಳಿದಳು. ಕೊಟ್ಟೆ. ಎಂಟನೇ ಪುಟದಲ್ಲಿ ಹೆಸರು ಮತ್ತು ಗೆರೆ ಮಾತ್ರ.

"ಎರಡು ವಾರದಿಂದ ಕೂತು ನೋಡ್ತಾ ಇದ್ದೇನೆ ಆಂಟಿ. ಬರುದೇ ಇಲ್ಲ."

"ಮೊಬೈಲಿನಲ್ಲಿ ಎಲ್ಲ ಉಂಟಂತಲ್ಲ, ನೋಡಿ ಬರಿ."

"ಉಂಟು. ನೋಡಿ ಬರೆದದ್ದು ಅಲ್ಲಿ ಕೂತಾಗ ನೆನಪಾಗುದಿಲ್ಲ. ಎರಡು ಸಲ ಹಾಗೆಯೇ ಆದದ್ದು." ಸ್ವಲ್ಪ ಹೊತ್ತು ತನ್ನ ಬೆರಳು ನೋಡಿಕೊಂಡಳು. "ಸರ್ ಯಾವಾಗ್ಲೂ ಇಬ್ಬರನ್ನು ಕೂರಿಸ್ತಿದ್ರು. ಒಬ್ಬರು ಬರೀಬೇಕು, ಇನ್ನೊಬ್ಬರು ಅದನ್ನು ಬೆರಳಿಟ್ಟು ನಡೀಬೇಕು. ಬರೆದ ಹಾಗೇ ನಡೀಬೇಕು, ಸ್ವಂತ ಬುದ್ಧಿ ಹಾಕ್ಬಾರ್ದು. ತಪ್ಪಿದ್ದರೆ ಆಗ ಕಾಲಿಗೆ ಎಡವ್ತದೆ ಅಂತ. ನೀವು ಬರೀರಿ ಆಂಟಿ, ನಾನು ನಡೀತೇನೆ."

"ನಾನಾ? ನನಗೆ ಎಂತ ಗೊತ್ತುಂಟು?"

"ನೀವು ಮನೆಯಲ್ಲಿ ಎಂತಾದ್ರೂ ಹುಡುಕುದಿಲ್ವಾ? ಹಾಗೇ ಬರೀರಿ."

ಹುಡುಕುವುದು ನನಗೆ ಗೊತ್ತಿಲ್ಲದ ಕೆಲಸವೇ? ಇವರ ಕನ್ನಡಕ, ಇವರ ಪೆನ್ಸಿಲು, ಇವರ ಒಂದು ಕಾಲಿನ ಚಪ್ಪಲಿ ಹುಡುಕುತ್ತಲೇ ಸಂಸಾರ ಕಳೆದವಳು ನಾನು. ಇವರು ಎಳೆದ ಗೆರೆಯ ಕೆಳಗೆ ಬರೆದೆ. "ಮೊದಲ ಡಬ್ಬಿಗೆ ಹೋಗು. ಅದೇಯಾ ಎಂದು ನೋಡು. ಹೌದಾದರೆ ಡಬ್ಬಿಯ ನಂಬರು ಹೇಳು. ಅಲ್ಲದಿದ್ದರೆ ಮುಂದಿನ ಡಬ್ಬಿಗೆ ಹೋಗು." ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದೆ. "ಎಲ್ಲಾ ಡಬ್ಬಿ ಮುಗಿದರೂ ಸಿಗದಿದ್ದರೆ ಪುನಃ ಮೊದಲಿನಿಂದ ನೋಡು."

ಶರ್ಮಿಳಾ ನೆಲದ ಮೇಲೆ ಸೀಮೆಸುಣ್ಣದಿಂದ ಎಂಟು ಡಬ್ಬಿ ಬರೆದು ಪಣಂಬೂರು ಎಂದು ಇಂಗ್ಲಿಷಿನಲ್ಲಿ ತುಂಬಿಸಿದಳು. ಮೊದಲು 'ಎಂ' ಹುಡುಕಿದಳು. ಸಿಕ್ಕಿತು! ನನಗೆ ಪರೀಕ್ಷೆ ಪಾಸಾದಷ್ಟು ಹಿಗ್ಗಾಯಿತು. "ಈಗ 'ಕೆ'" ಎಂದಳು. ಬೆರಳು ಮೊದಲ ಡಬ್ಬಿಯಿಂದ ಹೊರಟಿತು. ಒಂದೊಂದೇ ಡಬ್ಬಿ ದಾಟಿ ಕೊನೆಯವರೆಗೆ ಹೋಯಿತು. ನನ್ನ ಸಾಲು ನೋಡಿದಳು, ಪುನಃ ಮೊದಲಿಗೆ ಬಂದಳು. ಪುನಃ ಕೊನೆಯವರೆಗೆ. ಪುನಃ ಮೊದಲಿಗೆ. ಸೀಮೆಸುಣ್ಣ ಅವಳ ಗಾಯದ ಬೆರಳಿಗೆಲ್ಲ ಮೆತ್ತಿಕೊಂಡಿತು. ನಾಲ್ಕನೇ ಸುತ್ತಿನಲ್ಲಿ ನನಗೆ ನೋಡಲಾಗಲಿಲ್ಲ.

"ಶರ್ಮಿಳಾ, ಅದು ಅದರಲ್ಲಿ ಇಲ್ಲ ಅಲ್ವಾ?"

"ಇಲ್ಲ ಆಂಟಿ."

"ಮತ್ತೆ ಯಾಕೆ ಹುಡುಕ್ತಾ ಇದ್ದಿ?"

"ನೀವು ಹಾಗೆ ಬರೆದಿದ್ದೀರಿ."

ಬಸ್ ನಿಲ್ದಾಣದಲ್ಲಿ ಯಾವುದೋ ಬಸ್ಸು ಹೊರಡುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದರು. ಥಟ್ಟನೆ ಶರ್ಮಿಳಾ ಬೆನ್ನು ನೆಟ್ಟಗೆ ಮಾಡಿದಳು. "ಆಂಟಿ! ಕೊನೆ ಮುಟ್ಟಿದಾಗ ಇಲ್ಲ ಅಂತ ಹೇಳಿ ನಿಲ್ಲಿಸ್ಬೇಕು!" ತನ್ನ ಪುಸ್ತಕ ಎಳೆದುಕೊಂಡು, ಮುಖ ಕಿವುಚದೆ, ಒಂದೇ ಉಸಿರಿನಲ್ಲಿ ಬರೆದಳು. ಮೊದಲು ಕನ್ನಡದಲ್ಲಿ, ಆಮೇಲೆ ಕಂಪ್ಯೂಟರಿನ ಭಾಷೆಯಲ್ಲಿ. ಎಂಟನೆಯದು, ಅವಳದೇ ಕೈಯಿಂದ.

ಸೋಮವಾರ ಹೋಗಿ ಬರೆದು ಬಂದಳು. ಈಗ ಪಣಂಬೂರಿನ ಆಫೀಸಿಗೆ ಹೋಗುತ್ತಾಳೆ. ಬೆರಳು ವಾಸಿಯಾಗುತ್ತಿದೆ. ಸಿಟೌಟಿನ ಕ್ಲಾಸನ್ನು ಭಾನುವಾರ ಅವಳೇ ನಡೆಸುತ್ತಾಳೆ. ರೆಡಿಮೇಡ್ ಹೆಸರು ಎತ್ತಿದವರಿಗೆ ಅವಳು ಬೈಯುವುದನ್ನು ಕೇಳಿದರೆ ಇವರೇ ವಾಸಿ!

ಮೊನ್ನೆ ಹಸಿರು ಪುಸ್ತಕ ತೆರೆದು ಕೇಳಿದಳು: "ಆಂಟಿ, ಎಂಟನೇ ಪುಟ ತಿದ್ದಿಬಿಡುದಾ? ಕೊನೆಯ ಸಾಲು ತಪ್ಪುಂಟಲ್ಲ."

"ಬೇಡ" ಎಂದೆ. "ನಿನ್ನ ಪುಸ್ತಕದಲ್ಲಿ ಸರಿ ಉಂಟಲ್ಲ. ಇದರಲ್ಲಿ ಹಾಗೇ ಇರ್ಲಿ."

ಈಗಲೂ ದಿನಾ ಬೆಳಿಗ್ಗೆ ಎದ್ದು ಇವರ ಚಾ ಮಾಡಿ ಹೊರಗೆ ತರುತ್ತೇನೆ. ಇವರು ಸಿಟೌಟಿನಲ್ಲಿ ಇಲ್ಲ. ಕೋಣೆಯಲ್ಲಿ ಇಲ್ಲ. ಹಿತ್ತಿಲಿನ ಬಾವಿಕಟ್ಟೆಯ ಹತ್ತಿರ ಇಲ್ಲ. ಲೋಟ ಹಿಡಿದುಕೊಂಡು ಪುನಃ ಸಿಟೌಟಿಗೆ ಬಂದು ನೋಡುತ್ತೇನೆ.